ಗ್ಯಾಸ್ ಪೈಪಿನ ತುದಿಯ ಸೆಡಿಮೆಂಟ್ ಟ್ರ್ಯಾಪ್: ಸರಿಯಾಗಿದೆಯೇ ಎಂದು ನೋಡುವುದು, ಸರಿಪಡಿಸುವುದು ಹೇಗೆ

ಅಮೆರಿಕದಲ್ಲಿ ಮನೆ ಕೊಳ್ಳುವಾಗ ಕೈಗೆ ಬರುವ ಇನ್ಸ್‌ಪೆಕ್ಷನ್ ರಿಪೋರ್ಟ್‌ಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಸಾಲಿದೆ: ವಾಟರ್ ಹೀಟರ್‌ಗೆ ಸೆಡಿಮೆಂಟ್ ಟ್ರ್ಯಾಪ್ (ಗ್ಯಾಸಿನ ಜೊತೆ ಬರುವ ಕಸ ಹಿಡಿಯುವ ಪೈಪ್ ಜೋಡಣೆ) ಇಲ್ಲ, ಅಥವಾ ಇದ್ದರೂ ಸರಿಯಾಗಿ ಹಾಕಿಲ್ಲ. ಇದನ್ನು ಓದಿ ಕೆಲವರು ಗಾಬರಿಯಾಗುತ್ತಾರೆ. ಇನ್ನು ಕೆಲವರು ಚಿಲ್ಲರೆ ವಿಷಯ ಅಂತ ಬಿಟ್ಟುಬಿಡುತ್ತಾರೆ. ಗ್ಯಾಸ್ ಸೋರುವಂಥ ತುರ್ತು ಇದಲ್ಲ, ನಿಜ. ಆದರೆ ಒಂದು ಟೀ (ಮೂರು ಬಾಯಿಯ ಪೈಪ್ ಫಿಟ್ಟಿಂಗ್), ಒಂದು ಗೇಣಿಗೂ ಕಮ್ಮಿಯ ಪೈಪಿನ ತುಂಡು, ಒಂದು ಮುಚ್ಚಳ, ಇಷ್ಟರಿಂದ ಹೀಟರಿನ ಗ್ಯಾಸ್ ವಾಲ್ವ್ ಕೆಡದಂತೆ ತಡೆಯಬಹುದು ಅಂದಮೇಲೆ ಅದನ್ನು ಸರಿಯಾಗಿ ಹಾಕಿಸಿಕೊಳ್ಳುವುದೇ ಒಳ್ಳೆಯದು ಅಲ್ವಾ?

ನನಗೆ ಇದರಲ್ಲಿ ಮುಖ್ಯ ಅನಿಸುವುದು ಒಂದೇ. ಟ್ರ್ಯಾಪ್ ಇದೆಯೋ ಇಲ್ಲವೋ ಎಂದು ನೋಡಿದರೆ ಸಾಲದು, ಗ್ಯಾಸ್ ಅದರೊಳಗೆ ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಗುತ್ತದೆ ಎಂದು ನೋಡಬೇಕು. ತಪ್ಪು ದಿಕ್ಕಿನಲ್ಲಿ ಹಾಕಿದ ಟ್ರ್ಯಾಪ್ ನೋಡಲು ಸರಿಯಾದದ್ದರ ಹಾಗೇ ಇರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ.

ಇದು ಹಿಡಿಯುವುದು ಏನನ್ನು

ಕಬ್ಬಿಣದ ಪೈಪನ್ನು ಕತ್ತರಿಸಿ ಥ್ರೆಡ್ ಹಾಕಿದಾಗ ಲೋಹದ ಚೂರುಗಳು ಒಳಗೆ ಉಳಿಯುತ್ತವೆ. ಥ್ರೆಡ್ ಹಾಕಲು ಬಳಸಿದ ಎಣ್ಣೆ ಇರುತ್ತದೆ. ಜೋಡಿಸುವಾಗ ಸೋರದಂತೆ ಹಚ್ಚಿದ ಪೈಪ್ ಡೋಪ್ ಎಂಬ ಅಂಟು ಒಳಕ್ಕೆ ಹಿಂಡಿಕೊಂಡು ಒಣಗಿ ಉದುರುತ್ತದೆ, ಟೇಪಿನ ಎಳೆಗಳು ಕಿತ್ತು ಬರುತ್ತವೆ. ಹಳೆಯ ಪೈಪಾದರೆ ತುಕ್ಕಿನ ಪುಡಿಯೂ ಸೇರುತ್ತದೆ. ಬೀದಿಯ ಪೈಪಿನಲ್ಲಿ ಯಾವಾಗಲಾದರೂ ರಿಪೇರಿ ಆದಾಗ ಅಲ್ಲಿಂದಲೂ ಅಷ್ಟಿಷ್ಟು ಕಸ ಬರಬಹುದು. ಇದೆಲ್ಲ ಗ್ಯಾಸಿನ ಜೊತೆ ಸಾಗಿ ಹೀಟರಿನ ಗ್ಯಾಸ್ ವಾಲ್ವ್ ತಲುಪಿದರೆ ಪೈಲಟ್‌ನ (ಬರ್ನರ್ ಹೊತ್ತಿಸುವ ಪುಟ್ಟ ಉರಿಯ) ಸಣ್ಣ ತೂತು ಕಟ್ಟಿಕೊಳ್ಳಬಹುದು, ಬರ್ನರಿನ ತೂತು ಅರ್ಧ ಮುಚ್ಚಿ ಉರಿ ಕೆಡಬಹುದು. ಎಲ್ಲಕ್ಕಿಂತ ಕೆಟ್ಟದ್ದು ಎಂದರೆ ವಾಲ್ವಿನ ಒಳಗಿನ ಮುಚ್ಚುವ ಭಾಗದ ಮೇಲೆ ಒಂದು ಚೂರು ಕೂತು ವಾಲ್ವ್ ಪೂರ್ತಿ ಮುಚ್ಚದೇ ಇರುವುದು. ಆಗ ಗ್ಯಾಸ್ ನಿಲ್ಲಬೇಕಾದ ಹೊತ್ತಿಗೆ ನಿಲ್ಲುವುದಿಲ್ಲ.

ಟ್ರ್ಯಾಪ್ ಕೆಲಸ ಮಾಡುವ ರೀತಿ ಸರಳ. ಗ್ಯಾಸ್ ಮೇಲಿನಿಂದ ಇಳಿದು ಟೀ ಒಳಗೆ ಬಂದು ಪಕ್ಕಕ್ಕೆ ತಿರುಗುತ್ತದೆ. ಗ್ಯಾಸ್ ಹಗುರ, ಹಾಗಾಗಿ ಸುಲಭವಾಗಿ ತಿರುಗುತ್ತದೆ. ಚೂರುಗಳು ಭಾರ. ಬಸ್ಸು ಜೋರಾಗಿ ತಿರುವು ತೆಗೆದುಕೊಂಡಾಗ ನಿಂತವರು ಮೊದಲಿದ್ದ ದಿಕ್ಕಿಗೇ ವಾಲುವ ಹಾಗೆ, ಅವು ನೇರ ಕೆಳಕ್ಕೆ ಹೋಗಿ ಮುಚ್ಚಿದ ತುಂಡಿನಲ್ಲಿ ಬೀಳುತ್ತವೆ. ಒಮ್ಮೆ ಬಿದ್ದರೆ ಮೇಲೆ ಬರುವುದಿಲ್ಲ, ಯಾಕೆಂದರೆ ಆ ತುಂಡಿನಲ್ಲಿ ಗ್ಯಾಸಿನ ಓಡಾಟವೇ ಇಲ್ಲ.

ಇದನ್ನೇ ತುಂಬಾ ಜನ ಡ್ರಿಪ್ ಲೆಗ್ ಅನ್ನುತ್ತಾರೆ, ಡರ್ಟ್ ಲೆಗ್ ಅಂತಲೂ ಅನ್ನುತ್ತಾರೆ. ಪ್ಲಂಬರ್ ಬಾಯಲ್ಲಿ ಮೂರೂ ಒಂದೇ. ಕೋಡ್ ಪುಸ್ತಕದಲ್ಲಿ, ಅಂದರೆ ಇಂಥ ಕೆಲಸಗಳ ನಿಯಮಗಳ ಪುಸ್ತಕದಲ್ಲಿ, ಮಾತ್ರ ಡ್ರಿಪ್ ಬೇರೆ, ಸೆಡಿಮೆಂಟ್ ಟ್ರ್ಯಾಪ್ ಬೇರೆ, ಎರಡಕ್ಕೂ ಬೇರೆ ಬೇರೆ ನಿಯಮಗಳಿವೆ. ಆದ್ದರಿಂದ ಈ ವ್ಯತ್ಯಾಸ ತಿಳಿದಿರುವುದು ಒಳ್ಳೆಯದು. ಡ್ರಿಪ್ ಇರುವುದು ನೀರಿಗೆ, ಅಂದರೆ ಗ್ಯಾಸಿನಲ್ಲಿರುವ ತೇವ ತಣ್ಣಗಾಗಿ ಪೈಪಿನೊಳಗೆ ಇಳಿದಾಗ ಅದನ್ನು ಹಿಡಿಯುವುದಕ್ಕೆ. ಬಾಲ್ಟಿಮೋರಿನಲ್ಲಿ 1816ರಲ್ಲಿ ದೇಶದ ಮೊದಲ ಗ್ಯಾಸ್ ಕಂಪನಿ ಶುರುವಾದಾಗಿನಿಂದ ಬಹಳ ಕಾಲ ಊರುಗಳಲ್ಲಿ ಹಂಚುತ್ತಿದ್ದದ್ದು ಹೆಚ್ಚಾಗಿ ಕಲ್ಲಿದ್ದಲಿನಿಂದ ತಯಾರಿಸಿದ ಗ್ಯಾಸ್. ಅದರಲ್ಲಿ ನೀರು, ಡಾಂಬರಿನಂಥ ಅಂಟು ಎರಡೂ ಇರುತ್ತಿದ್ದವು. ಎರಡನೇ ಮಹಾಯುದ್ಧದ ನಂತರ ದೂರದಿಂದ ಪೈಪ್‌ಲೈನ್‌ಗಳು ಬಂದು ನೈಸರ್ಗಿಕ ಅನಿಲ ಎಲ್ಲ ಕಡೆ ಹಬ್ಬಿತು. ಅದು ಒಣ ಗ್ಯಾಸ್.

ಈಗಲೂ ಕೋಡಿನಲ್ಲಿ ಡ್ರಿಪ್ ಬಗ್ಗೆ ಬರೆದಿದೆ, ಆದರೆ ತೇವದ ಗ್ಯಾಸ್ ಇರುವ ಕಡೆಗೆ ಮಾತ್ರ. ಅಂಥ ಕಡೆ ಪೈಪನ್ನು ಪ್ರತಿ 15 ಅಡಿಗೆ ಕಾಲು ಇಂಚಿನಷ್ಟಾದರೂ ಇಳಿಜಾರು ಮಾಡಬೇಕು. ನೀರು ನಿಲ್ಲುವ ಜಾಗದಲ್ಲೆಲ್ಲ ಮತ್ತು ಮೀಟರಿನಿಂದ ಹೊರಬರುವ ಕಡೆ ಡ್ರಿಪ್ ಇರಬೇಕು. ಅದು ಕೈಗೆ ಸಿಗುವ ಹಾಗಿರಬೇಕು, ಹೆಪ್ಪುಗಟ್ಟುವ ಜಾಗದಲ್ಲಿ ಇರಕೂಡದು. ನಿಮ್ಮ ಕಂಪನಿ ಒಣ ಗ್ಯಾಸ್ ಕೊಡುತ್ತಿದ್ದರೆ, ಈಗ ಹೆಚ್ಚು ಕಡೆ ಹಾಗೇ, ಇದ್ಯಾವುದೂ ನಿಮಗೆ ಅನ್ವಯಿಸುವುದಿಲ್ಲ. ಸೆಡಿಮೆಂಟ್ ಟ್ರ್ಯಾಪ್ ನಿಯಮ ಮಾತ್ರ ಅನ್ವಯಿಸುತ್ತದೆ. "ನಮ್ಮ ಗ್ಯಾಸ್ ಒಣಗಿದೆ, ಡ್ರಿಪ್ ಲೆಗ್ ಬೇಡ" ಎಂದು ಯಾರಾದರೂ ಹೇಳಿದರೆ ಅವರು ಈ ಎರಡನ್ನೂ ಕಲಸಿಬಿಟ್ಟಿದ್ದಾರೆ ಎಂದರ್ಥ.

ಮೊದಲ ಕೆಲಸ: ನಿಮ್ಮ ಊರಿನ ಕೋಡ್ ಯಾವುದು ಎಂದು ಕೇಳಿ

ಅಮೆರಿಕದಲ್ಲಿ ಇಡೀ ದೇಶಕ್ಕೆ ಒಂದೇ ಗ್ಯಾಸ್ ಕೋಡ್ ಇಲ್ಲ. ಮಾದರಿ ಕೋಡ್‌ಗಳನ್ನು ಸಂಸ್ಥೆಗಳು ಬರೆಯುತ್ತವೆ, ರಾಜ್ಯ ಅಥವಾ ಊರು ಅದರಲ್ಲಿ ಒಂದನ್ನು ತೆಗೆದುಕೊಂಡು, ಬೇಕಾದ ಕಡೆ ತಿದ್ದಿ, ಜಾರಿಗೆ ತರುತ್ತದೆ. ನಿಮಗೆ ಎದುರಾಗುವುದು ಹೆಚ್ಚಾಗಿ ಇವುಗಳಲ್ಲಿ ಒಂದು: ಅಂತರರಾಷ್ಟ್ರೀಯ ಕೋಡ್ ಕೌನ್ಸಿಲ್‌ನ ಐಎಫ್‌ಜಿಸಿ (ಇಂಟರ್‌ನ್ಯಾಷನಲ್ ಫ್ಯೂಯಲ್ ಗ್ಯಾಸ್ ಕೋಡ್), ಒಂದೆರಡು ಕುಟುಂಬದ ಮನೆಗಳಿಗೆ ಅದೇ ಮಾತನ್ನು ಹೇಳುವ ಐಆರ್‌ಸಿಯ (ಇಂಟರ್‌ನ್ಯಾಷನಲ್ ರೆಸಿಡೆನ್ಶಿಯಲ್ ಕೋಡ್) 24ನೇ ಅಧ್ಯಾಯ, ಅಗ್ನಿ ಸುರಕ್ಷತಾ ಸಂಸ್ಥೆಯೊಂದರ ಗ್ಯಾಸ್ ಕೋಡ್ ಆದ ಎನ್‌ಎಫ್‌ಪಿಎ 54, ಅಥವಾ ಯುನಿಫಾರ್ಮ್ ಪ್ಲಂಬಿಂಗ್ ಕೋಡ್. ಕ್ಯಾಲಿಫೋರ್ನಿಯಾದ ಪ್ಲಂಬಿಂಗ್ ಕೋಡ್ ಈ ಕೊನೆಯದನ್ನು ಆಧರಿಸಿದ್ದು. ಟ್ರ್ಯಾಪ್ ಬಗ್ಗೆ ಹುಡುಕಬೇಕಾದ ಜಾಗ ಐಎಫ್‌ಜಿಸಿಯಲ್ಲಿ 408.4, ಐಆರ್‌ಸಿಯಲ್ಲಿ ಜಿ2419.4. ಎನ್‌ಎಫ್‌ಪಿಎ 54ರಲ್ಲಿ ಇದು 9ನೇ ಅಧ್ಯಾಯದಲ್ಲಿದೆ. ಸಮಾಧಾನದ ವಿಷಯ ಎಂದರೆ ಇವೆಲ್ಲದರ ಮಾತೂ ಹೆಚ್ಚುಕಡಿಮೆ ಒಂದೇ.

ಊರಿನ ಕಟ್ಟಡ ಇಲಾಖೆಗೆ ಒಂದು ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ಯಾವ ಕೋಡ್, ಯಾವ ವರ್ಷದ ಆವೃತ್ತಿ? ಟ್ರ್ಯಾಪ್ ಬಗ್ಗೆ ಸ್ಥಳೀಯ ತಿದ್ದುಪಡಿ ಏನಾದರೂ ಇದೆಯೇ? ಮನೆಯವರೇ ಈ ಕೆಲಸ ಮಾಡಬಹುದೇ? ಕೊನೆಯ ಪ್ರಶ್ನೆ ಮರೆಯಬೇಡಿ. ಕೆಲವು ಊರುಗಳು ಸ್ವಂತ ಮನೆಯಲ್ಲಿ ವಾಸಿಸುವವರಿಗೆ ಪರ್ಮಿಟ್ ಕೊಟ್ಟು ಕೆಲಸ ಮಾಡಲು ಬಿಡುತ್ತವೆ. ಮ್ಯಾಸಚೂಸೆಟ್ಸ್‌ನಂಥ ಕಡೆ ಲೈಸೆನ್ಸ್ ಇರುವ ಪ್ಲಂಬರ್ ಅಥವಾ ಗ್ಯಾಸ್ ಫಿಟ್ಟರ್ ಬಿಟ್ಟು ಬೇರೆಯವರು ಗ್ಯಾಸ್ ಪೈಪ್ ಮುಟ್ಟುವ ಹಾಗಿಲ್ಲ. ಅಂಥ ಕಡೆ ನೀವು ಈ ಲೇಖನವನ್ನು ಬಂದವರು ಮಾಡಿದ ಕೆಲಸ ಸರಿಯಾಗಿದೆಯೇ ಎಂದು ನೋಡಲು ಬಳಸಿಕೊಳ್ಳಿ.

ಇನ್ನೊಂದು ವಿಷಯ. ಹಳೆಯ ಮನೆಯಲ್ಲಿ ಆ ಕಾಲದ ನಿಯಮದ ಪ್ರಕಾರ ಹಾಕಿದ ಹೀಟರಿಗೆ ಟ್ರ್ಯಾಪ್ ಇಲ್ಲದಿದ್ದರೆ ಇವತ್ತೇ ಹಾಕಲೇಬೇಕೆಂದು ಸಾಮಾನ್ಯವಾಗಿ ಯಾರೂ ಒತ್ತಾಯಿಸುವುದಿಲ್ಲ. ಆದರೆ ಹೀಟರ್ ಬದಲಿಸಿದ ದಿನ ಅದು ಹೊಸ ಕೆಲಸ. ಆಗ ಈಗಿನ ಕೋಡ್ ಪ್ರಕಾರವೇ ಹಾಕಬೇಕು.

ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ

ಕೋಡ್ ಬೇಕಾದವುಗಳ ಪಟ್ಟಿ ಕೊಡುವುದಿಲ್ಲ, ಬೇಡವಾದವುಗಳ ಪಟ್ಟಿ ಕೊಡುತ್ತದೆ. ಗ್ಯಾಸ್ ದೀಪ, ಅಡುಗೆಯ ರೇಂಜ್, ಬಟ್ಟೆ ಒಣಗಿಸುವ ಡ್ರೈಯರ್, ಗ್ಯಾಸ್ ಫೈರ್‌ಪ್ಲೇಸ್, ಚಿಮಣಿ ಇರುವ ಫೈರ್‌ಪ್ಲೇಸಿನಲ್ಲಿ ಅಲಂಕಾರಕ್ಕೆ ಇಡುವ ಗ್ಯಾಸ್ ಉಪಕರಣ, ಹೊರಗಿನ ಗ್ರಿಲ್, ಇವಕ್ಕೆ ಬೇಡ. ಉಳಿದವಕ್ಕೆಲ್ಲ ಬೇಕು. ಮನೆಯ ಮಟ್ಟಿಗೆ ವಾಟರ್ ಹೀಟರ್, ಟ್ಯಾಂಕ್ ಇಲ್ಲದ ಹೀಟರ್, ಫರ್ನೇಸ್ (ಮನೆಯನ್ನು ಬೆಚ್ಚಗಿಡುವ ಉಪಕರಣ), ಬಾಯ್ಲರ್, ಈಜುಕೊಳದ ಹೀಟರ್. ಗ್ಯಾಸ್ ನೈಸರ್ಗಿಕ ಅನಿಲವಾದರೂ ಸರಿ, ಪ್ರೊಪೇನ್ ಆದರೂ ಸರಿ.

ಉಪಕರಣದೊಳಗೇ ಟ್ರ್ಯಾಪ್ ಇದ್ದರೆ ಹೊರಗೆ ಬೇರೆ ಬೇಡ. ಆದರೆ ಹಲವು ಗ್ಯಾಸ್ ವಾಲ್ವ್‌ಗಳ ಬಾಯಲ್ಲಿರುವ ಸಣ್ಣ ಜಾಲರಿಯನ್ನು ನೋಡಿ ಇದೇ ಟ್ರ್ಯಾಪ್ ಅಂದುಕೊಳ್ಳಬೇಡಿ. ಅಂಥ ಹೀಟರಿನ ಕೈಪಿಡಿಯಲ್ಲೇ ಹೊರಗೆ ಟ್ರ್ಯಾಪ್ ಹಾಕಿ ಎಂದು ಚಿತ್ರ ಸಮೇತ ಬರೆದಿರುತ್ತದೆ.

ಕೈಪಿಡಿ ಎಂದರೆ ಸುಮ್ನೆ ಸಲಹೆಯ ಪುಸ್ತಕವಲ್ಲ. ತಯಾರಕರು ಹೇಳಿದ ಹಾಗೆ ಹಾಕಬೇಕು ಎಂದು ಕೋಡೇ ಹೇಳುತ್ತದೆ. ಕೋಡ್ ಬೇಡ ಎಂದ ಉಪಕರಣಕ್ಕೆ ತಯಾರಕರು ಬೇಕು ಎಂದಿದ್ದರೆ ಹಾಕಲೇಬೇಕು.

ಗ್ಯಾಸ್ ಬರುವ ದಾರಿ ಹಿಡಿದು ನೋಡಿ

ಟಾರ್ಚ್ ತೆಗೆದುಕೊಳ್ಳಿ. ಉಪಕರಣದ ಗ್ಯಾಸ್ ವಾಲ್ವಿನಿಂದ ಶುರುಮಾಡಿ ಹಿಂದಕ್ಕೆ, ಪೈಪ್ ಬಂದ ಕಡೆಗೆ ಕಣ್ಣು ಹಾಯಿಸಿ. ಏನನ್ನೂ ಅಲ್ಲಾಡಿಸಬೇಡಿ, ಸುಮ್ಮನೆ ನೋಡಿದರೆ ಸಾಕು. ಅದರಲ್ಲೂ ಹೊದಿಕೆಯಿಲ್ಲದ, ಸುಕ್ಕುಸುಕ್ಕಾದ ಹಳೆಯ ಹಿತ್ತಾಳೆ ಕನೆಕ್ಟರ್ (ಪೈಪನ್ನು ಉಪಕರಣಕ್ಕೆ ಜೋಡಿಸುವ ಬಾಗುವ ಕೊಳವೆ) ಕಂಡರೆ ಅದರ ಹತ್ತಿರ ಕೈ ತರಬೇಡಿ. ಅವು ಸ್ವಲ್ಪ ಅಲ್ಲಾಡಿದರೂ ತುದಿ ಕಳಚಿಕೊಳ್ಳಬಹುದು ಎಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಎಚ್ಚರಿಸಿದೆ. ಬದಲಿಸಲು ತಿಳಿದವರನ್ನು ಕರೆಸಿ.

ಟೀಗೆ ಮೂರು ಬಾಯಿ. ಎರಡು ಒಂದೇ ನೇರದಲ್ಲಿ, ಮೂರನೆಯದು ಅಡ್ಡಕ್ಕೆ. ಸರಿಯಾದ ಟ್ರ್ಯಾಪಿನಲ್ಲಿ ನೇರದ ಎರಡು ಬಾಯಿಗಳು ಲಂಬವಾಗಿರುತ್ತವೆ, ಒಂದು ಮೇಲೆ, ಒಂದು ಕೆಳಗೆ. ಮೇಲಿನದರಿಂದ ಗ್ಯಾಸ್ ಬರುತ್ತದೆ. ಕೆಳಗಿನದಕ್ಕೆ ನಿಪ್ಪಲ್ (ಎರಡೂ ತುದಿಗೆ ಥ್ರೆಡ್ ಇರುವ ಚಿಕ್ಕ ಪೈಪಿನ ತುಂಡು) ಮತ್ತು ಕ್ಯಾಪ್. ಅಡ್ಡದ ಬಾಯಿಯಿಂದ ಗ್ಯಾಸ್ ಹೊರಟು ಉಪಕರಣಕ್ಕೆ ಹೋಗುತ್ತದೆ. ಕೋಡ್ ಪುಸ್ತಕದ ಚಿತ್ರವೂ ಹೀಗೇ ಇದೆ, ವಾಟರ್ ಹೀಟರಿನ ಕೈಪಿಡಿಯ ಚಿತ್ರವೂ ಹೀಗೇ.

ಹೆಚ್ಚು ಕಡೆ ಕಾಣುವ ತಪ್ಪು ಇದು. ಪೈಪ್ ಮಟ್ಟವಾಗಿ ಬರುತ್ತದೆ, ಟೀಯ ನೇರದ ಬಾಯಿಗಳ ಮೂಲಕ ಮಟ್ಟವಾಗಿಯೇ ಹಾದು ಉಪಕರಣಕ್ಕೆ ಹೋಗುತ್ತದೆ, ಅಡ್ಡದ ಬಾಯಿಯಿಂದ ಕ್ಯಾಪ್ ಹಾಕಿದ ತುಂಡು ಕೆಳಕ್ಕೆ ನೇತಾಡುತ್ತದೆ. ದೂರದಿಂದ ನೋಡಿದರೆ ಎಲ್ಲ ಸರಿಯಿದೆ. ಆದರೆ ಇಲ್ಲಿ ಗ್ಯಾಸ್ ತಿರುಗಲೇ ಇಲ್ಲ. ಚೂರುಗಳು ಗ್ಯಾಸಿನ ಜೊತೆಗೇ ನೇರವಾಗಿ, ತೂತಿನ ಮೇಲಿಂದ ಹಾರಿ ಹೋಗುತ್ತವೆ. ಕೆಳಗಿನ ಬಾಯಲ್ಲಿ ಲಂಬವಾಗಿ ಕ್ಯಾಪ್ ಹಾಕಿದ ನಿಪ್ಪಲ್ ಇರಬೇಕು ಎಂಬ ಕೋಡಿನ ವಾಕ್ಯವನ್ನಷ್ಟೇ ಹಿಡಿದು "ಇಗೋ ಇದೆಯಲ್ಲ" ಎಂದು ವಾದಿಸುವವರಿದ್ದಾರೆ. ವಾಕ್ಯದ ಪಕ್ಕದಲ್ಲಿರುವ ಚಿತ್ರವನ್ನೂ ನೋಡಬೇಕು, ಟ್ರ್ಯಾಪ್ ಇರುವುದು ಯಾತಕ್ಕೆ ಎಂಬುದನ್ನೂ ನೋಡಬೇಕು. ನನ್ನ ಮಟ್ಟಿಗೆ ಇದು ಟ್ರ್ಯಾಪೇ ಅಲ್ಲ, ಬಿಚ್ಚಿ ತಿರುಗಿಸಿ ಹಾಕಿಸಬೇಕು.

ಎರಡನೆಯದು ಸ್ವಲ್ಪ ಚರ್ಚೆಯ ವಿಷಯ. ಗ್ಯಾಸ್ ಅಡ್ಡದ ಬಾಯಿಯಿಂದ ಒಳಬಂದು ಮೇಲಕ್ಕೆ ತಿರುಗಿ ಹೋಗುತ್ತದೆ, ಕೆಳಗೆ ಕ್ಯಾಪ್ ಹಾಕಿದ ತುಂಡು. ಗೋಡೆಗೆ ಹಾಕಿದ ಟ್ಯಾಂಕ್ ಇಲ್ಲದ ಹೀಟರುಗಳಲ್ಲಿ ಇದನ್ನು ಜಾಸ್ತಿ ನೋಡುತ್ತೀರಿ, ಯಾಕೆಂದರೆ ಅವುಗಳ ಗ್ಯಾಸ್ ಬಾಯಿ ಕೆಳಗಿರುತ್ತದೆ. ಇಲ್ಲಿ ಗ್ಯಾಸ್ ತಿರುಗುವುದಂತೂ ನಿಜ, ಭಾರದ ಚೂರು ಮೇಲಕ್ಕೆ ಹತ್ತುವುದೂ ಕಷ್ಟ. ಆ ಹೀಟರಿನ ಕೈಪಿಡಿಯಲ್ಲಿ ಇದೇ ಚಿತ್ರವಿದ್ದರೆ ಹಾಗೇ ಮಾಡಿ. ಇಲ್ಲದಿದ್ದರೆ, ಜಾಗ ಇದ್ದರೆ, ಪೈಪನ್ನು ಮೇಲಿನಿಂದ ಇಳಿಸಿ ಟೀಗೆ ತಂದು, ಪಕ್ಕದಿಂದ ಹೊರಡಿಸಿ, ಒಂದು ಎಲ್ಬೋ ಹಾಕಿ ಹೀಟರಿಗೆ ಹತ್ತಿಸುವುದು ನನಗೆ ಹೆಚ್ಚು ಒಪ್ಪಿಗೆ. ಒಂದೆರಡು ಫಿಟ್ಟಿಂಗ್ ಜಾಸ್ತಿ ಬೇಕು, ಆದರೆ ಇನ್ಸ್‌ಪೆಕ್ಟರ್ ಬಂದಾಗ ಚರ್ಚೆಗೆ ಎಡೆ ಇರುವುದಿಲ್ಲ.

ಇನ್ನುಳಿದ ತಪ್ಪುಗಳನ್ನು ನೋಡಿದ ತಕ್ಷಣ ಗುರುತಿಸಬಹುದು. ಕ್ಯಾಪ್ ಹಾಕಿದ ತುಂಡು ಪಕ್ಕಕ್ಕೆ ಮಲಗಿರುವುದು. ಅಥವಾ ತುಂಡಿನ ಕೊನೆಯಲ್ಲಿ ಕ್ಯಾಪ್ ಬದಲು ಇನ್ನೊಂದು ಉಪಕರಣಕ್ಕೆ ಪೈಪ್ ಮುಂದುವರಿದಿರುವುದು, ಹಾಗಿದ್ದರೆ ಈ ಕಸವೆಲ್ಲ ಅದಕ್ಕೆ ಹೋಗುತ್ತದೆ.

ಯಾವುದರ ನಂತರ ಯಾವುದು

ಕ್ರಮ ಹೀಗಿರಬೇಕು: ಮೊದಲು ಆ ಉಪಕರಣದ ಗ್ಯಾಸ್ ನಿಲ್ಲಿಸುವ ಶಟಾಫ್ ವಾಲ್ವ್, ನಂತರ ಯೂನಿಯನ್ (ಬಿಚ್ಚಿ ಬೇರೆ ಮಾಡಬಹುದಾದ ಜೋಡಣೆ) ಅಥವಾ ಫ್ಲೆಕ್ಸಿಬಲ್ ಕನೆಕ್ಟರ್, ನಂತರ ಟ್ರ್ಯಾಪ್, ನಂತರ ಉಪಕರಣ. ಟ್ರ್ಯಾಪ್ ವಾಲ್ವಿನ ನಂತರವೇ ಇರಬೇಕು ಎಂದು ಕೋಡ್ ಸ್ಪಷ್ಟವಾಗಿ ಹೇಳುತ್ತದೆ. ಹಾಗಿದ್ದರೆ ಇಡೀ ಮನೆಯ ಗ್ಯಾಸ್ ನಿಲ್ಲಿಸದೆ ಅದನ್ನು ಬಿಚ್ಚಿ ತೊಳೆಯಬಹುದು. ಉಪಕರಣದ ಬಾಯಿಗೆ ಸಾಧ್ಯವಾದಷ್ಟು ಹತ್ತಿರ ಇರಬೇಕು ಎಂದೂ ಹೇಳುತ್ತದೆ. ಇದಕ್ಕೂ ಕಾರಣವಿದೆ. ಟ್ರ್ಯಾಪನ್ನು ಮೇಲೆ ಸೀಲಿಂಗಿನ ಹತ್ತಿರ ಹಾಕಿ ಅಲ್ಲಿಂದ ಮತ್ತೆ ಹತ್ತು ಅಡಿ ಪೈಪ್ ಎಳೆದರೆ ಆ ಹತ್ತು ಅಡಿಯಲ್ಲಿರುವ ಚೂರುಗಳನ್ನು ಹಿಡಿಯುವವರು ಯಾರು? ಮೀಟರಿನ ಬಳಿ ಒಂದು ತುಂಡು ನೇತಾಡುತ್ತಿದ್ದರೆ ಅದೂ ಉಪಕರಣದ ಟ್ರ್ಯಾಪಿಗೆ ಬದಲಿಯಲ್ಲ.

ಶಟಾಫ್ ವಾಲ್ವ್ ಉಪಕರಣ ಇರುವ ಕೋಣೆಯಲ್ಲೇ, 6 ಅಡಿಯೊಳಗೆ, ಕೈಗೆ ಸಿಗುವ ಹಾಗೆ ಇರಬೇಕು ಎಂಬುದು ಐಎಫ್‌ಜಿಸಿಯ ಸಾಮಾನ್ಯ ನಿಯಮ.

ಸ್ಟೋರೇಜ್ ವಾಟರ್ ಹೀಟರಿಗೆ ನನಗೆ ಅತ್ಯಂತ ಅಚ್ಚುಕಟ್ಟು ಅನಿಸುವ ಜೋಡಣೆ ಇದು. ವಾಲ್ವ್ ಗೋಡೆಯ ಮೇಲ್ಭಾಗದಲ್ಲಿ. ಅಲ್ಲಿಂದ ಕನೆಕ್ಟರ್ ಕೆಳಕ್ಕಿಳಿದು ಟೀಯ ಮೇಲಿನ ಬಾಯಿಗೆ. ಟೀಯ ಅಡ್ಡದ ಬಾಯಿಯಿಂದ ಒಂದು ಚಿಕ್ಕ ನಿಪ್ಪಲ್ ನೇರ ಹೀಟರಿನ ಗ್ಯಾಸ್ ವಾಲ್ವಿಗೆ. ಕೆಳಗೆ ತುಂಡು ಮತ್ತು ಕ್ಯಾಪ್. ಹೀಗೆ ಮಾಡಿದರೆ ಕನೆಕ್ಟರಿನಿಂದ ಬರುವ ಕಸವೂ ಟ್ರ್ಯಾಪಿನಲ್ಲೇ ಬೀಳುತ್ತದೆ.

ಫರ್ನೇಸಿನಲ್ಲಿ ಒಂದು ಎಚ್ಚರಿಕೆ. ಕನೆಕ್ಟರ್ ಫರ್ನೇಸಿನ ತಗಡಿನ ಗೋಡೆಯನ್ನು ತೂರಿ ಒಳಹೋಗುವ ಹಾಗಿಲ್ಲ, ಯಾಕೆಂದರೆ ತಗಡಿನ ಅಂಚು ತಾಗಿ ಅದು ಹರಿಯಬಹುದು. ಒಳಗಿನ ಗ್ಯಾಸ್ ವಾಲ್ವಿನಿಂದ ಗಟ್ಟಿ ಪೈಪ್ ಹೊರಕ್ಕೆ ಬರಬೇಕು, ಟ್ರ್ಯಾಪ್ ಹೊರಗಿರಬೇಕು. ಮನೆಯ ಗೋಡೆಯೊಳಗೆ ಓಡುವ ಹಳದಿ ಹೊದಿಕೆಯ ಸಿಎಸ್‌ಎಸ್‌ಟಿ ಪೈಪ್ (ಬಾಗುವ, ಸುಕ್ಕುಸುಕ್ಕಾದ ಸ್ಟೇನ್‌ಲೆಸ್ ಸ್ಟೀಲ್ ಪೈಪ್) ಬೇರೆ, ಉಪಕರಣದ ಹಿಂದಿನ ಈ ಚಿಕ್ಕ ಕನೆಕ್ಟರ್ ಬೇರೆ. ಬಣ್ಣ ಒಂದೇ ಇರುವುದರಿಂದ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಸಿಎಸ್‌ಎಸ್‌ಟಿ ಹಾಕಿದ ಮನೆಗೂ ಟ್ರ್ಯಾಪ್ ಬೇಕೇ ಬೇಕು.

ಕೆಳಗಿನ ತುಂಡು ಎಷ್ಟು ಉದ್ದ

ಐಎಫ್‌ಜಿಸಿಯ ಈಚಿನ ಆವೃತ್ತಿಗಳ ವಾಕ್ಯ ನಿಪ್ಪಲ್ ಎಷ್ಟು ಉದ್ದವಾದರೂ ಇರಬಹುದು ಎನ್ನುತ್ತದೆ. ಎನ್‌ಎಫ್‌ಪಿಎ 54ರ ಚಿತ್ರ ಕನಿಷ್ಠ 3 ಇಂಚು ಎಂದು ತೋರಿಸುತ್ತದೆ. ಹಲವು ಕೈಪಿಡಿಗಳೂ 3 ಇಂಚೇ ಎನ್ನುತ್ತವೆ. ಆದ್ದರಿಂದ 3 ಇಂಚಿನ ನಿಪ್ಪಲ್ ಹಾಕಿಬಿಡಿ, ಜಾಗವಿದ್ದರೆ 4. ಟೀಯ ಬಾಯಿಯಷ್ಟೇ ಅಗಲದ್ದು ಇರಲಿ. ಕ್ಯಾಪಿನ ಕೆಳಗೆ ರೆಂಚ್ ಆಡಿಸುವಷ್ಟು, ಬಿಚ್ಚಿದ ಕ್ಯಾಪ್ ಹೊರತೆಗೆಯುವಷ್ಟು ಜಾಗ ಬಿಡಿ. ನೆಲಕ್ಕೆ ತಾಗುವ ಹಾಗೆ ಹಾಕಿದರೆ ಅದನ್ನು ಮುಂದೆ ತೆರೆಯಲು ಆಗುವುದೇ ಇಲ್ಲ. ಗ್ಯಾರೇಜಿನಲ್ಲಾದರೆ ಕಾರು ಅಥವಾ ಸಾಮಾನು ತಾಗದ ಕಡೆ ಇರಲಿ.

ಜೋಡಿಸುವುದು

ನಿಮ್ಮ ಊರಿನಲ್ಲಿ ಮನೆಯವರಿಗೆ ಅವಕಾಶವಿದ್ದು, ಪರ್ಮಿಟ್ ಪಡೆದು, ಪೈಪ್ ಕೆಲಸ ಮಾಡಿ ರೂಢಿಯಿದ್ದರೆ ಮಾತ್ರ ಮುಂದಿನದಕ್ಕೆ ಕೈಹಾಕಿ. ರೂಢಿ ಇಲ್ಲದವರು ಗ್ಯಾಸ್ ಪೈಪಿನ ಮೇಲೆ ಕಲಿಯುವುದು ಬೇಡ.

ಉಪಕರಣದ ಕಂಟ್ರೋಲನ್ನು ಆಫ್ ಮಾಡಿ, ಶಟಾಫ್ ವಾಲ್ವ್ ಮುಚ್ಚಿ, ಅದರ ಹಿಡಿ ಪೈಪಿಗೆ ಅಡ್ಡವಾಗಿ ನಿಂತಿದೆಯೇ ನೋಡಿ. ಕೋಣೆಯ ಕಿಟಕಿ ತೆಗೆಯಿರಿ. ಹತ್ತಿರ ಯಾವ ಉರಿಯೂ ಇರಬಾರದು. ಬೇಕಾದ ಸಾಮಾನು ಕಪ್ಪು ಕಬ್ಬಿಣದ ಟೀ, ನಿಪ್ಪಲ್‌ಗಳು, ಕ್ಯಾಪ್. ಸಣ್ಣ ಹೀಟರುಗಳಿಗೆ ಸಾಮಾನ್ಯವಾಗಿ ಅರ್ಧ ಇಂಚು. ಟ್ಯಾಂಕ್ ಇಲ್ಲದ ದೊಡ್ಡ ಹೀಟರ್ ಗಂಟೆಗೆ 1,99,000 ಬಿಟಿಯು (ಶಾಖದ ಅಳತೆ) ಎಳೆಯಬಹುದು, ಅದಕ್ಕೆ ಮುಕ್ಕಾಲು ಇಂಚು ಅಥವಾ ಅದಕ್ಕೂ ದೊಡ್ಡದು ಬೇಕು. ಗಾತ್ರವನ್ನು ಕೋಡಿನ ಕೋಷ್ಟಕದಿಂದ ಲೆಕ್ಕ ಹಾಕಬೇಕು, ಕಣ್ಣಂದಾಜು ಬೇಡ.

ಟೀ, ಕೆಳಗಿನ ನಿಪ್ಪಲ್ ಮತ್ತು ಕ್ಯಾಪನ್ನು ಮೊದಲೇ ಹೊರಗೆ, ವೈಸಿನಲ್ಲಿ ಹಿಡಿದು ಜೋಡಿಸಿಕೊಳ್ಳಿ. ಪ್ರತಿ ತುಂಡನ್ನೂ ತಟ್ಟಿ, ಒಳಗೆ ಬೆಳಕು ಬಿಟ್ಟು ನೋಡಿ, ಚೂರಿದ್ದರೆ ತೆಗೆಯಿರಿ. ಗ್ಯಾಸಿಗೆ ಒಪ್ಪಿಗೆ ಇರುವ ಪೈಪ್ ಡೋಪನ್ನು ಹೊರ ಥ್ರೆಡ್ಡಿಗೆ ಮಾತ್ರ ಹಚ್ಚಿ, ತುದಿಯ ಎರಡು ಥ್ರೆಡ್ ಖಾಲಿ ಬಿಡಿ. ಹಾಗೆ ಬಿಟ್ಟರೆ ಡೋಪ್ ಪೈಪಿನೊಳಕ್ಕೆ ಹೋಗುವುದಿಲ್ಲ. ಟ್ರ್ಯಾಪ್ ಹಾಕುವ ಕೆಲಸದಲ್ಲೇ ಹೊಸ ಕಸ ಹಾಕಬಾರದಲ್ಲ! ಕನೆಕ್ಟರಿನ ಫ್ಲೇರ್ (ಅಗಲಿಸಿದ ಬಾಯಿಯ) ತುದಿಗೆ ಡೋಪ್ ಆಗಲಿ ಟೇಪ್ ಆಗಲಿ ಹಚ್ಚಬೇಡಿ, ಅದು ಲೋಹಕ್ಕೆ ಲೋಹ ಕೂತು ಮುಚ್ಚಿಕೊಳ್ಳುವ ಜಾಗ. ಹಳೆಯ ಕನೆಕ್ಟರನ್ನು ಮತ್ತೆ ಬಳಸಬೇಡಿ, ಹೊಸದು ಹಾಕಿ.

ಕೈಯಲ್ಲಿ ಬಿಗಿಯಾದ ಮೇಲೆ ರೆಂಚಿನಿಂದ ಒಂದೂವರೆ ಎರಡು ಸುತ್ತು ಸಾಕಾಗುತ್ತದೆ. ಟೀಯ ಬಾಯಿ ಬೇಕಾದ ದಿಕ್ಕಿಗೆ ಬರಲಿಲ್ಲ ಅಂತ ಹಿಂದಕ್ಕೆ ಸಡಿಲಿಸಬೇಡಿ, ಸೋರುತ್ತದೆ. ಮುಂದಕ್ಕೆ ತಿರುಗಿಸಿ, ಇಲ್ಲವೇ ಪೂರ್ತಿ ಬಿಚ್ಚಿ ಒರೆಸಿ ಮತ್ತೆ ಹಚ್ಚಿ. ಹೀಟರಿನ ಗ್ಯಾಸ್ ವಾಲ್ವಿಗೆ ನಿಪ್ಪಲ್ ಬಿಗಿಯುವಾಗ ಎರಡು ರೆಂಚ್ ಬೇಕು. ಒಂದರಲ್ಲಿ ವಾಲ್ವಿನ ಬಾಯಿಯ ಗಟ್ಟಿ ಭಾಗವನ್ನು ಹಿಡಿಯಿರಿ, ಇನ್ನೊಂದರಲ್ಲಿ ಬಿಗಿಯಿರಿ. ವಾಲ್ವಿನ ಪೆಟ್ಟಿಗೆಯ ಮೇಲೆ ಬಲ ಬಿದ್ದರೆ ಅದು ಬಿರಿಯಬಹುದು, ಆಗ ಇಡೀ ವಾಲ್ವ್ ಬದಲಿಸಬೇಕು. ಇದೊಂದು ಹೆಜ್ಜೆಯಲ್ಲಿ ಅವಸರ ಮಾಡಬೇಡಿ.

ಸೋರಿಕೆ ನೋಡುವುದು

ಹೊಸದಾಗಿ ಪೈಪ್ ಎಳೆದಿದ್ದರೆ ಒತ್ತಡದ ಪರೀಕ್ಷೆ ಬೇಕು. ಐಎಫ್‌ಜಿಸಿ ಪ್ರಕಾರ ಪೈಪಿನ ಗರಿಷ್ಠ ಕೆಲಸದ ಒತ್ತಡದ ಒಂದೂವರೆ ಪಟ್ಟು, ಯಾವ ಲೆಕ್ಕದಲ್ಲೂ 3 ಪಿಎಸ್‌ಐಗಿಂತ (ಚದರ ಇಂಚಿಗೆ ಪೌಂಡ್) ಕಡಿಮೆಯಿಲ್ಲ. ಒಂದು ಕುಟುಂಬದ ಮನೆಗೆ ಕನಿಷ್ಠ 10 ನಿಮಿಷ. ಕೆಲವು ಊರುಗಳು ಇದಕ್ಕಿಂತ ಹೆಚ್ಚು ಕೇಳುತ್ತವೆ. ಆದರೆ ಈ ಒತ್ತಡ ಉಪಕರಣದ ವಾಲ್ವಿಗೆ ತಾಗಲೇಬಾರದು. ಮನೆಯ ಪೈಪಿನಲ್ಲಿ ನೈಸರ್ಗಿಕ ಅನಿಲ ಸಾಮಾನ್ಯವಾಗಿ 7 ಇಂಚು ಎತ್ತರದ ನೀರಿನಷ್ಟು ಒತ್ತಡದಲ್ಲಿರುತ್ತದೆ, ಅಂದರೆ ಸುಮಾರು ಕಾಲು ಪಿಎಸ್‌ಐ. ವಾಟರ್ ಹೀಟರಿನ ಕೈಪಿಡಿಗಳು ಅರ್ಧ ಪಿಎಸ್‌ಐ ಮೀರಿದ ಪರೀಕ್ಷೆಗೆ ಉಪಕರಣವನ್ನು ಬಿಚ್ಚಿ ಬೇರೆ ಮಾಡಿ ಎನ್ನುತ್ತವೆ.

ಒಂದು ಟ್ರ್ಯಾಪ್ ಸೇರಿಸಿದಂಥ ಸಣ್ಣ ಕೆಲಸಕ್ಕೆ ಕೋಡ್ ವಿನಾಯಿತಿ ಕೊಡುತ್ತದೆ. ಕೆಲಸವನ್ನು ತಪಾಸಣೆ ಮಾಡಿಸಿ, ಜೋಡಣೆಗಳನ್ನು ಸೋರಿಕೆ ಹುಡುಕುವ ದ್ರಾವಣದಿಂದ ನೋಡಿದರೆ ಒತ್ತಡದ ಪರೀಕ್ಷೆ ಬೇಕಿಲ್ಲ. ದ್ರಾವಣ ಲೋಹವನ್ನು ತಿನ್ನದಂಥದ್ದಾಗಿರಬೇಕು. ಸಿಂಕಿನ ಬಳಿ ಇರುವ ಯಾವುದೋ ಸೋಪು ಬೇಡ, ಅಂಗಡಿಯಲ್ಲಿ ಇದಕ್ಕೆಂದೇ ಸಿಗುವುದನ್ನು ತನ್ನಿ. ವಾಲ್ವ್ ನಿಧಾನವಾಗಿ ತೆರೆದು ಪ್ರತಿ ಜೋಡಣೆಗೂ ಹಚ್ಚಿ, ಸುತ್ತಲೂ, ಹಿಂಭಾಗಕ್ಕೂ. ಕನ್ನಡಿ ಹಿಡಿದು ನೋಡಿ. ಗುಳ್ಳೆ ಬೆಳೆದರೆ ವಾಲ್ವ್ ಮುಚ್ಚಿ, ಆ ಜೋಡಣೆಯನ್ನು ಬಿಚ್ಚಿ ಮತ್ತೆ ಮಾಡಿ. ಬೆಂಕಿಕಡ್ಡಿ ಹಚ್ಚಿ ನೋಡುವ ಮಾತೇ ಬೇಡ.

ಯಾವ ಹಂತದಲ್ಲಾದರೂ ಕೋಣೆ ತುಂಬ ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ, ಮನೆಯೊಳಗೆ ಫೋನ್ ಮಾಡದೆ, ಎಲ್ಲರನ್ನೂ ಕರೆದುಕೊಂಡು ಹೊರಗೆ ಹೋಗಿ. ದೂರ ಹೋದ ಮೇಲೆ 911ಕ್ಕೆ ಅಥವಾ ಗ್ಯಾಸ್ ಕಂಪನಿಯ ತುರ್ತು ನಂಬರಿಗೆ ಕರೆ ಮಾಡಿ.

ಮುಂದೆ ತೆರೆದು ನೋಡಬೇಕೇ

ಪ್ರತಿ ವರ್ಷ ತೆರೆಯುವ ಅಗತ್ಯ ಇಲ್ಲ. ಸುಮ್ನೆ ಬಿಚ್ಚಿ ಹಾಕುತ್ತಿದ್ದರೆ ಒಳ್ಳೆಯ ಜೋಡಣೆಯನ್ನೇ ಕೆಡಿಸಿದ ಹಾಗಾಗುತ್ತದೆ. ಪೈಲಟ್ ಪದೇ ಪದೇ ಆರುತ್ತಿದ್ದರೆ, ಬರ್ನರಿನ ತೂತು ಕಟ್ಟಿದೆ ಎಂದು ಗೊತ್ತಾದರೆ, ಮನೆಯ ಪೈಪಿಗೆ ಹೊಸ ಶಾಖೆ ಸೇರಿಸಿದ್ದರೆ, ಅಥವಾ ಉಪಕರಣ ಬದಲಿಸುವಾಗ ತೆರೆಯಿರಿ. ಶಟಾಫ್ ಮುಚ್ಚಿ, ಉಪಕರಣ ತಣ್ಣಗಾದ ಮೇಲೆ, ಒಂದು ರೆಂಚಿನಲ್ಲಿ ನಿಪ್ಪಲ್ ಹಿಡಿದು ಇನ್ನೊಂದರಲ್ಲಿ ಕ್ಯಾಪ್ ಬಿಚ್ಚಿ, ಕೆಳಗೆ ಬಿಳಿ ಕಾಗದ ಹಿಡಿಯಿರಿ. ಬಿದ್ದದ್ದು ಏನೆಂದು ನೋಡಿದರೆ ಕಸ ಎಲ್ಲಿಂದ ಬರುತ್ತಿದೆ ಎಂಬ ಸುಳಿವೂ ಸಿಗುತ್ತದೆ. ಹೊಳೆಯುವ ಲೋಹದ ಸುರುಳಿಗಳಾದರೆ ಪೈಪ್ ಹಾಕಿದಾಗಿನವು, ಅಷ್ಟಕ್ಕೇ ಮುಗಿಯಿತು. ಕಂದು ಪುಡಿ ಜಾಸ್ತಿ ಇದ್ದರೆ ಪೈಪ್ ಒಳಗಿನಿಂದ ತುಕ್ಕು ಹಿಡಿಯುತ್ತಿದೆ, ಅದನ್ನು ಪ್ಲಂಬರ್‌ಗೆ ತೋರಿಸಿ. ನೀರು ಬಂದರೆ ಕೂಡಲೇ ಗ್ಯಾಸ್ ಕಂಪನಿಗೆ ಹೇಳಿ, ಒಣ ಗ್ಯಾಸ್ ಬರಬೇಕಾದ ಪೈಪಿನಲ್ಲಿ ನೀರಿರಬಾರದು.

ನಂತರ ಥ್ರೆಡ್ ಒರೆಸಿ, ಹೊಸ ಡೋಪ್ ಹಚ್ಚಿ, ಕ್ಯಾಪ್ ಬಿಗಿದು, ವಾಲ್ವ್ ತೆರೆದು, ಆ ಒಂದು ಜೋಡಣೆಗೆ ದ್ರಾವಣ ಹಚ್ಚಿ ನೋಡಿ. ಗುಳ್ಳೆ ಇಲ್ಲದಿದ್ದರೆ ಉಪಕರಣದ ಮೇಲೆ ಅಂಟಿಸಿರುವ ಸೂಚನೆಯ ಪ್ರಕಾರ ಮತ್ತೆ ಹೊತ್ತಿಸಿ.